ದಾಂತೆಯ ಸಮಾಧಿ ಎಲ್ಲಿದೆ?

ಇಟಲಿಯ ಮಹಾಕವಿ ದಾಂತೆಯ ಸಮಾಧಿ ಎಲ್ಲಿದೆಯೆಂಬುದು ದಿನಕ್ಕೊಂದು ರಸಪ್ರಶ್ನೆ ಬಿಡಿಸುವವರನ್ನು ಎಡವಿಸತಕ್ಕ ಪ್ರಶ್ನೆ. ಹುಟ್ಟೂರು ಫ್ಲಾರೆನ್ಸ್ ಎಂಬ ಉತ್ತರ ತಪ್ಪು. ರಾವೆನ್ನಾ ಎಂಬುದೇ ಸರಿ. ಈ ಒಂದು ಪದದ ಹಿಂದೆ ಕವಿಯ ಬಾಳೇ ಅಡಗಿದೆ.

1265ರಲ್ಲಿ ಜನಿಸಿದ ದಾಂತೆಯನ್ನು ಪಕ್ಷದ್ವೇಷದಿಂದ ಫ್ಲಾರೆನ್ಸ್ 1302ರಲ್ಲಿ ಗಡೀಪಾರು ಮಾಡಿತು. ಕೈಗೆ ಸಿಕ್ಕಿದರೆ ಸುಡಬೇಕೆಂದು ವಿಧಿಸಿತು. 1315ರಲ್ಲಿ ಕ್ಷಮೆ ದೊರೆಯುವಂತಿದ್ದರೂ ಅದರ ಅವಮಾನಕರ ನಿಬಂಧನೆಗಳಿಗೆ ಆತನು ಒಪ್ಪಲಿಲ್ಲ. ಪಂಡಿತರ ಲ್ಯಾಟಿನನ್ನು ಬಿಟ್ಟು, ಜನರಾಡುವ ನುಡಿಯಲ್ಲಿ ನೂರು ಸರ್ಗಗಳ ‘ಡಿವೈನ್ ಕಾಮೆಡಿ’ಯನ್ನು ಪರಸ್ಥಳಗಳಲ್ಲಿಯೇ ರಚಿಸಿ, 1321ರಲ್ಲಿ ರಾವೆನ್ನಾದಲ್ಲಿ ಕಾಲವಾದನು.

ಮುಂದೆ ಫ್ಲಾರೆನ್ಸ್ ಅಸ್ಥಿಗಳನ್ನು ಬೇಡಿದಾಗ ರಾವೆನ್ನಾದ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಅವನ್ನು ಬಚ್ಚಿಟ್ಟರು. ಅವು ಮತ್ತೆ ದೊರೆತದ್ದು 1865ರಲ್ಲಿ. ಫ್ಲಾರೆನ್ಸಿನ ಸಾಂತಾ ಕ್ರೋಚೆ ದೇವಾಲಯದಲ್ಲಿರುವ ಆತನ ಗೋರಿ ಬರಿದು. ರಾವೆನ್ನಾದ ಸಮಾಧಿದೀಪಕ್ಕೆ ಮಾತ್ರ ಪ್ರತಿವರ್ಷವೂ ಫ್ಲಾರೆನ್ಸಿನಿಂದಲೇ ಎಣ್ಣೆ ಬರುತ್ತದೆ.