ಹಳೇ ಕಂಪ್ಯೂಟರ್ ಗುಜರಿಗೆ ಹಾಕೋ ಮುಂಚೆ: ಫೈಲ್ ಉಳಿಸ್ಲಿಕ್ಕೆ ಯಾವ ಸಾಫ್ಟ್‌ವೇರ್ ಹಾಕಬೇಕು?

ಬೀದರ್: ಕೊಳಾರ ಕೈಗಾರಿಕಾ ಪ್ರದೇಶದ ವರ್ಕ್‌ಶಾಪ್ ಇರಲಿ, ಭಾಲ್ಕಿಯ ಡಿಟಿಪಿ ಅಂಗಡಿ ಇರಲಿ, ಔರಾದ್‌ನ ಫೋಟೊ ಸ್ಟುಡಿಯೊ ಇರಲಿ, ಮೂಲೆಯಲ್ಲಿ ಹಳೇ ಕಂಪ್ಯೂಟರ್ ಒಂದು ಕೂತೇ ಇರುತ್ತದೆ. ಮೇಲೆ ಬಟ್ಟೆ ಹೊದಿಸಿರುತ್ತಾರೆ. ಸ್ವಿಚ್ ಹಾಕಿದರೆ ವಿಂಡೋಸ್ ಎಕ್ಸ್‌ಪಿ, ಕೆಲವು ಕಡೆ ವಿಂಡೋಸ್ 98 ಕೂಡ ಏಳುತ್ತದೆ. ಅದರೊಳಗೆ ಹತ್ತು ಹದಿನೈದು ವರ್ಷದ ಲೆಕ್ಕ, ಲಗ್ನಪತ್ರಿಕೆ ಡಿಸೈನು, ತೀರಿಕೊಂಡ ಹಿರಿಯರ ಫೋಟೊ ಎಲ್ಲ ಇರುತ್ತವೆ. ‘ಇದು ಚಾಲೂ ಅದ, ಬಿಡ್ರಿ’ ಅಂತ ವರ್ಷಗಟ್ಟಲೆ ದೂಡಿ, ಕಡೆಗೆ ಒಂದಿನ ‘ಇದು ಚಾಲೂ ಆಗವಲ್ದು’ ಅಂತ ರಿಪೇರಿ ಅಂಗಡಿಗೆ ಹೊತ್ತುಕೊಂಡು ಬರುವವರೇ ಹೆಚ್ಚು.

ಹೊರದೇಶದಲ್ಲಿ ಹಳೇ ಮನೆ ಕಂಪ್ಯೂಟರ್ ಅಂದರೆ ಕಮೊಡೋರ್, ಸ್ಪೆಕ್ಟ್ರಮ್ ಅಂತ ಹೆಸರು ಹೇಳುತ್ತಾರೆ. ಅದನ್ನು ಶೋಕಿಗೆ ಇಟ್ಟುಕೊಂಡವರೂ ಇದ್ದಾರೆ. ನಮ್ಮ ತಾಲ್ಲೂಕುಗಳಲ್ಲಿ ಹಳೇದು ಅಂದರೆ ಪೆಂಟಿಯಂ. ಶೋಕಿಯ ಮಾತೇ ಇಲ್ಲ, ಒಳಗಿನ ಮಾಲು ಬೇಕು ಅಷ್ಟೆ. ವಿಂಡೋಸ್ 98ಕ್ಕೆ ಮೈಕ್ರೋಸಾಫ್ಟ್ 2006ರ ಜುಲೈಗೆ ಕೈಬಿಟ್ಟಿತು, ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ. ಇಂಥ ಯಂತ್ರಕ್ಕೆ ಇಂಟರ್‌ನೆಟ್ ವೈರ್ ಚುಚ್ಚಿ ‘ಕ್ಲೀನರ್’, ‘ಡ್ರೈವರ್ ಅಪ್‌ಡೇಟರ್’, ‘ಪಿಸಿ ಫಾಸ್ಟ್’ ಅಂತ ಸಿಕ್ಕಿದ್ದನ್ನೆಲ್ಲ ಹಾಕುವುದು ಬೇಡ. ಬೇಕಾದ ಸಾಧನಗಳನ್ನು ಹೊಸ ಕಂಪ್ಯೂಟರಿನಲ್ಲಿ ಇಳಿಸಿಕೊಂಡು, ಪೆನ್‌ಡ್ರೈವ್ ಮೇಲೆ ತಂದು ಹಾಕಬೇಕು. ಮೂರು ನಾಲ್ಕು ಇದ್ದರೆ ಸಾಕು.

ಮೊದಲನೆಯದು ಫೈಲ್ ಮ್ಯಾನೇಜರ್. ವಿಂಡೋಸ್ ಜೊತೆ ಬರುವ ಎಕ್ಸ್‌ಪ್ಲೋರರ್ ಇದ್ದೇ ಇದೆಯಲ್ಲ, ಬೇರೆ ಯಾಕೆ ಅನ್ನಬಹುದು. ಎಕ್ಸ್‌ಪಿಯ ಎಕ್ಸ್‌ಪ್ಲೋರರ್‌ನಲ್ಲಿ ಐದು ಸಾವಿರ ಫೋಟೊ ಕಾಪಿಗೆ ಹಚ್ಚಿ ಊಟಕ್ಕೆ ಹೋದರೆ, ನಡುವೆ ಒಂದೇ ಒಂದು ಫೈಲ್ ಓದಲು ಬರದಿದ್ದರೂ ಇಡೀ ಕಾಪಿ ಅಲ್ಲಿಗೇ ನಿಂತುಬಿಡುತ್ತದೆ. ಯಾವುದು ಹೋಯಿತು, ಯಾವುದು ಉಳಿಯಿತು ಗೊತ್ತಾಗುವುದಿಲ್ಲ. ಹಳೇ ಹಾರ್ಡ್‌ಡಿಸ್ಕ್ ಮೇಲೆ ಇಂಥ ಕೆಟ್ಟ ಜಾಗ ಇರುವುದು ಮಾಮೂಲು.

ಅದಕ್ಕೆ ಎರಡು ಕಿಟಕಿಯ ಫೈಲ್ ಮ್ಯಾನೇಜರ್ ಒಳ್ಳೆಯದು. ಎಡಕ್ಕೆ ಹಳೇ ಡಿಸ್ಕ್, ಬಲಕ್ಕೆ ಪೆನ್‌ಡ್ರೈವ್. ಎರಡೂ ಏಕಕಾಲಕ್ಕೆ ಕಣ್ಣ ಮುಂದೆ. ಈ ರೂಢಿ ಡಾಸ್ ಕಾಲದ್ದು. 1986ರಲ್ಲಿ ಬಂದ ನಾರ್ಟನ್ ಕಮಾಂಡರ್ ಇದನ್ನು ಶುರು ಮಾಡಿತು. ಆ ನೀಲಿ ಪರದೆಯ ಮುಂದೆ ಕೂತು ಕಂಪ್ಯೂಟರ್ ಕಲಿತವರಿಗೆ ಎಫ್5 ಒತ್ತಿದರೆ ಕಾಪಿ, ಎಫ್6 ಒತ್ತಿದರೆ ಸ್ಥಳಾಂತರ, ಎಫ್8 ಒತ್ತಿದರೆ ಅಳಿಸುವುದು ಅಂತ ಇನ್ನೂ ಬೆರಳಿಗೇ ನೆನಪಿರುತ್ತದೆ. ಅದೇ ಕೀಲಿಗಳು ಇವತ್ತಿಗೂ ಟೋಟಲ್ ಕಮಾಂಡರ್‌ನಲ್ಲಿ ನಡೆಯುತ್ತವೆ. ಸ್ವಿಟ್ಜರ್ಲೆಂಡಿನ ಕ್ರಿಶ್ಚಿಯನ್ ಗಿಸ್ಲರ್ 1993ರಲ್ಲಿ ವಿಂಡೋಸ್ ಕಮಾಂಡರ್ ಅಂತ ಬಿಡುಗಡೆ ಮಾಡಿದ್ದ ಈ ಸಾಫ್ಟ್‌ವೇರ್ 2002ರಲ್ಲಿ ಹೆಸರು ಬದಲಿಸಿತು. ವಿಂಡೋಸ್ 98, ಎಕ್ಸ್‌ಪಿ ಎರಡರ ಮೇಲೂ ಓಡುತ್ತದೆ, ಜಾಗ ತಿನ್ನುವುದಿಲ್ಲ. ಶೇರ್‌ವೇರ್ ಆದ್ದರಿಂದ ಒಂದು ತಿಂಗಳು ಪರೀಕ್ಷೆಗೆ ಬಳಸಬಹುದು, ತೆರೆದಾಗಲೆಲ್ಲ 1, 2, 3ರಲ್ಲಿ ಒಂದು ಒತ್ತು ಅನ್ನುತ್ತದೆ. ಫೈಲ್ ತೆಗೆಯುವ ಕೆಲಸಕ್ಕೆ ಒಂದು ತಿಂಗಳು ಧಾರಾಳ ಆಯಿತು. ಆಮೇಲೂ ಬೇಕಾದರೆ ದುಡ್ಡು ಕೊಡಬೇಕು. ಪೂರ್ತಿ ಪುಕ್ಕಟೆಯದೇ ಬೇಕು ಅಂದರೆ ಎಕ್ಸ್‌ಪಿಗೆ ಫ್ರೀಕಮಾಂಡರ್‌ನ ಹಳೇ ಆವೃತ್ತಿ ಇದೆ.

ಕೆಟ್ಟ ಫೈಲ್ ಬಂದಾಗ ಟೋಟಲ್ ಕಮಾಂಡರ್ ‘ಇದನ್ನು ಬಿಟ್ಟು ಮುಂದೆ ಹೋಗಲೇ?’ ಅಂತ ಕೇಳುತ್ತದೆ. ಹೂಂ ಅಂದರೆ ಉಳಿದದ್ದೆಲ್ಲ ಬಂದು ಸೇರುತ್ತದೆ. ಇದೊಂದು ಗುಣಕ್ಕಾಗಿಯಾದರೂ ಇದನ್ನು ಹಾಕಿಕೊಳ್ಳಬೇಕು.

ಡಾಟಾ ಹೋಗಿಲ್ಲ, ಬಚ್ಚಿಟ್ಟುಕೊಂಡಿದೆ

‘ಪೆನ್‌ಡ್ರೈವ್ ಹಾಕಿದ್ವಿ, ಎಲ್ಲಾ ಫೋಲ್ಡರ್ ಶಾರ್ಟ್‌ಕಟ್ ಆಗ್ಯಾವ, ಒಳಗ ಏನೂ ಇಲ್ಲ’ – ಈ ದೂರು ಕೇಳದ ಕಂಪ್ಯೂಟರ್ ಅಂಗಡಿ ಇರಲಿಕ್ಕಿಲ್ಲ. ಸಿಟ್ಟಿಗೆದ್ದು ಫಾರ್ಮ್ಯಾಟ್ ಹೊಡೆಸಿ, ನಿಜವಾಗಿಯೂ ಎಲ್ಲ ಕಳೆದುಕೊಂಡವರಿದ್ದಾರೆ. ಶಾರ್ಟ್‌ಕಟ್ ವೈರಸ್ ಸಾಮಾನ್ಯವಾಗಿ ಫೈಲ್ ಅಳಿಸುವುದಿಲ್ಲ. ಅವುಗಳಿಗೆ ‘ಹಿಡನ್’, ‘ಸಿಸ್ಟಂ’ ಅನ್ನುವ ಎರಡು ಗುರುತು ಹಚ್ಚಿ ಕಾಣದಂತೆ ಮಾಡುತ್ತದೆ, ಅಷ್ಟೆ. ಕೆಲವು ವೈರಸ್ ಇನ್ನೂ ಚಾಲಾಕು: ಎಲ್ಲವನ್ನೂ ಹೆಸರೇ ಇಲ್ಲದಂತೆ ಕಾಣುವ ಒಂದು ಫೋಲ್ಡರಿಗೆ ತುರುಕುತ್ತವೆ. ಆ ಹೆಸರಿನ ಜಾಗದಲ್ಲಿ ಇರುವುದು ಬರೀ ಖಾಲಿ ಅಕ್ಷರ.

ಟೋಟಲ್ ಕಮಾಂಡರ್‌ನ ಕಾನ್ಫಿಗರೇಶನ್‌ನಲ್ಲಿ ಹಿಡನ್ ಮತ್ತು ಸಿಸ್ಟಂ ಫೈಲ್ ತೋರಿಸು ಅನ್ನುವುದಕ್ಕೆ ಟಿಕ್ ಹಾಕಿದರೆ ಬಚ್ಚಿಟ್ಟದ್ದೆಲ್ಲ ಬಯಲಾಗುತ್ತದೆ. ಬೇಕಾದ ಫೋಲ್ಡರ್ ಆರಿಸಿ, ಫೈಲ್ಸ್ ಮೆನುವಿನ ಚೇಂಜ್ ಆಟ್ರಿಬ್ಯೂಟ್ಸ್‌ಗೆ ಹೋಗಿ ಆ ಎರಡು ಗುರುತು ತೆಗೆದರೆ ಮೊದಲಿನಂತೆ ಆಯಿತು. ಶಾರ್ಟ್‌ಕಟ್ ಮೇಲೆ ಮಾತ್ರ ಡಬಲ್ ಕ್ಲಿಕ್ ಮಾಡಬಾರದು, ವೈರಸ್ ಎದ್ದು ಕೂರುವುದು ಅದರಿಂದಲೇ. ಹಳೇ ಕಂಪ್ಯೂಟರಿಗೆ ಹಾಕಿ ತೆಗೆದ ಪೆನ್‌ಡ್ರೈವನ್ನು ಹೊಸದರಲ್ಲಿ ಆಂಟಿವೈರಸ್‌ನಿಂದ ಸ್ಕ್ಯಾನ್ ಮಾಡದೆ ತೆರೆಯಲೂ ಬಾರದು.

ಕನ್ನಡ ಫೈಲಿಗೆ ಫಾಂಟೇ ಪ್ರಾಣ

ಇಂಗ್ಲಿಷ್ ಫೈಲ್ ಆದರೆ ಕಾಪಿ ಮಾಡಿದಲ್ಲಿಗೆ ಕೆಲಸ ಮುಗಿಯಿತು. ಕನ್ನಡದ್ದು ಹಾಗಲ್ಲ. ನುಡಿ, ಬರಹ, ಶ್ರೀಲಿಪಿಯ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲಿನೊಳಗೆ ನಿಜಕ್ಕೂ ಇರುವುದು ಕನ್ನಡ ಅಕ್ಷರವಲ್ಲ; ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ಆ ಫಾಂಟ್ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ವೇಷ ಕಳಚಿ ಅರ್ಥವಿಲ್ಲದ ಗೀಚು ಕಾಣುತ್ತದೆ. ‘ಫೈಲ್ ಕರಪ್ಟ್ ಆಗ್ಯಾದ’ ಅಂದುಕೊಂಡು ಅಳಿಸಿಬಿಟ್ಟರೆ ಮುಗಿಯಿತು. ಔರಾದ್, ಭಾಲ್ಕಿ ಕಡೆ ಮರಾಠಿಯಲ್ಲೂ ಪತ್ರಿಕೆ ಮಾಡುವ ಅಂಗಡಿಗಳ ದೇವನಾಗರಿ ಫೈಲುಗಳ ಕಥೆಯೂ ಇದೇ.

ಹೀಗಾಗಿ ಡಾಕ್ಯುಮೆಂಟ್ ಜೊತೆಗೆ ಫಾಂಟ್ ಕೂಡ ತರಬೇಕು. ಅವು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗೆ ಫಾಂಟ್ಸ್ ಅನ್ನುವಲ್ಲಿ ಇರುತ್ತವೆ. ಎಕ್ಸ್‌ಪ್ಲೋರರ್ ಅಲ್ಲಿ ಫಾಂಟಿನ ಹೆಸರನ್ನಷ್ಟೇ ತೋರಿಸುತ್ತದೆ, ಅಸಲಿ ಫೈಲ್ ಹೆಸರು ಬೇರೆಯೇ ಇರಬಹುದು. ಟೋಟಲ್ ಕಮಾಂಡರ್ ಅದನ್ನೂ ಬೇರೆ ಫೋಲ್ಡರಿನಂತೆಯೇ ಬಿಚ್ಚಿ ತೋರಿಸುತ್ತದೆ. ಯಾವುದು ಬೇಕು ಅಂತ ಹುಡುಕುತ್ತ ಕೂರುವ ಬದಲು ಇಡೀ ಫೋಲ್ಡರನ್ನೇ ಎಫ್5 ಒತ್ತಿ ತಂದುಬಿಡುವುದು ಜಾಣತನ.

ಹುಡುಕಾಟದಲ್ಲೂ ಇದೇ ತೊಡಕು. ‘ಬಸವಣ್ಣ’ ಅಂತ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಹುಡುಕಿದರೆ ನುಡಿಯ ಹಳೇ ಫೈಲಿನಲ್ಲಿ ಅದು ಸಿಗುವುದೇ ಇಲ್ಲ. ಒಂದು ಉಪಾಯ ಇದೆ: ಯಾವುದಾದರೂ ಹಳೇ ಫೈಲಿನಲ್ಲಿ ಆ ಪದವನ್ನು ಆರಿಸಿ ನೋಟ್‌ಪ್ಯಾಡಿಗೆ ಅಂಟಿಸಿ, ಅಲ್ಲಿ ಕಾಣುವ ಗೀಚನ್ನೇ ಫೈಲ್ ಮ್ಯಾನೇಜರಿನ ಹುಡುಕುವ ಪೆಟ್ಟಿಗೆಗೆ ಹಾಕಿ ನೋಡಿ. ವರ್ಡ್ ಫೈಲುಗಳಲ್ಲಿ ಬಹುಪಾಲು ಸಿಗುತ್ತದೆ. ಆರ್‌ಟಿಎಫ್ ಫೈಲುಗಳಲ್ಲಿ ಎಷ್ಟೋ ಸಲ ಸಿಗುವುದಿಲ್ಲ. ಆಮೇಲೆ ಬಿಡುವಾದಾಗ ನುಡಿ ಅಥವಾ ಬರಹದ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿಕೊಳ್ಳಬಹುದು. ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಒಂದು ಸಲ ಕಣ್ಣಾರೆ ನೋಡುವುದು ಒಳ್ಳೆಯದು. ಮೂಲ ಫೈಲ್ ಮಾತ್ರ ಅಳಿಸಬೇಡಿ.

ಡಿಟಿಪಿಯವರಿಗೆ ಇನ್ನೊಂದು ಮಾತು. ಪೇಜ್‌ಮೇಕರ್‌ನ ಕೊನೆಯ 7.0 ಆವೃತ್ತಿ ಬಂದದ್ದು 2001ರಲ್ಲಿ. ಇವತ್ತಿನ ಇನ್‌ಡಿಸೈನ್ ಆ ಫೈಲುಗಳನ್ನು ತೆರೆಯುವುದಿಲ್ಲ. ಹಳೇ ಯಂತ್ರ ಉಸಿರಾಡುತ್ತಿರುವಾಗಲೇ, ಅದರ ಮೇಲೆಯೇ ಮುಖ್ಯವಾದ ಕೆಲಸಗಳನ್ನು ಪಿಡಿಎಫ್ ಮಾಡಿಟ್ಟುಕೊಂಡರೆ ಕನಿಷ್ಠ ನೋಡಲು, ಮುದ್ರಿಸಲು ಸಿಗುತ್ತವೆ.

ಉಳಿದ ಸಾಮಾನು

ಜಿಪ್ ಮಾಡಲು ಸೆವೆನ್‌ಜಿಪ್ ಸಾಕು, ಪುಕ್ಕಟೆ. 2010ರ 9.20 ಆವೃತ್ತಿ ವಿಂಡೋಸ್ 98ರ ಮೇಲೂ ಕೂರುತ್ತದೆ. ಡಿಸ್ಕಿನ ಆರೋಗ್ಯ ನೋಡಲು ಎಕ್ಸ್‌ಪಿಗೆ ಹೊಂದುವ ಹಳೇ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಹಾಕಿಕೊಳ್ಳಿ. ಅದು ಹಳದಿಯೋ ಕೆಂಪೋ ತೋರಿಸಿದರೆ, ಇಲ್ಲವೇ ಡಿಸ್ಕ್ ಒಳಗಿಂದ ಟಕ್ ಟಕ್ ಸದ್ದು ಬಂದರೆ ಡಿಫ್ರಾಗ್, ಚೆಕ್‌ಡಿಸ್ಕ್ ಓಡಿಸಬಾರದು. ಇವೆರಡೂ ಡಿಸ್ಕನ್ನು ಇನ್ನಷ್ಟು ದುಡಿಸಿ, ಅದರ ಮೇಲೆಯೇ ಬರೆಯುತ್ತವೆ. ಮೊದಲು ಕಾಪಿ, ಆಮೇಲೆ ರಿಪೇರಿ. ತೀರಾ ಕೆಟ್ಟ ಡಿಸ್ಕಾದರೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಬಲ್ಲವರ ಕೈಗೆ ಕೊಡುವುದು ಲೇಸು.

ವಿಂಡೋಸ್ 98 ಪೆನ್‌ಡ್ರೈವನ್ನು ತಾನಾಗಿ ಗುರುತಿಸುವುದಿಲ್ಲ. ಸೆಕೆಂಡ್ ಎಡಿಷನ್ ಆಗಿದ್ದರೆ ಎನ್‌ಯುಎಸ್‌ಬಿ ಅನ್ನುವ ಡ್ರೈವರ್ ಹಾಕಬಹುದು. ಪೆನ್‌ಡ್ರೈವ್ 32 ಜಿಬಿ ಮೀರದ, ಫ್ಯಾಟ್32 ಆಗಿರುವಂಥದ್ದು ಇರಲಿ. 64 ಜಿಬಿಯವು ಬಹುತೇಕ ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ, ಅದು 98ಕ್ಕೆ ಓದಲು ಬಾರದು, ಎಕ್ಸ್‌ಪಿಗೂ ಬೇರೆ ಅಪ್‌ಡೇಟ್ ಬೇಕು. ಇದೆಲ್ಲ ತಲೆನೋವು ಅನಿಸಿದರೆ ಹಾರ್ಡ್‌ಡಿಸ್ಕ್ ಬಿಚ್ಚಿ, ಐಡಿಇಯಿಂದ ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಮೂಲಕ ಹೊಸ ಕಂಪ್ಯೂಟರಿಗೆ ಹಚ್ಚುವುದೇ ಸರಳ. ಜೊತೆಗೆ ಪವರ್ ಕೊಡುವ ಅಡಾಪ್ಟರನ್ನೇ ಕೊಳ್ಳಬೇಕು. ದೊಡ್ಡ ಡಿಸ್ಕಿಗೆ ಯುಎಸ್‌ಬಿ ಕರೆಂಟ್ ಸಾಲದು.

ಲೆಕ್ಕದ ಫೈಲ್ ಇದ್ದವರು ಒಂದು ಸಂಗತಿ ಗಮನಿಸಬೇಕು. ಜಿಎಸ್‌ಟಿ ಕಾಯ್ದೆ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಕಾಯ್ದಿಡಬೇಕು. ಟ್ಯಾಲಿಯ ಡಾಟಾ ಫೋಲ್ಡರಿನ ಹೆಸರು ಬರೀ ಅಂಕಿಗಳಲ್ಲಿ ಇರುತ್ತದೆ. ‘ಇದೇನೋ ಕಚರಾ’ ಅಂತ ಬಿಟ್ಟು ಬರಬಾರದು. ಕಾಪಿಗೆ ಮುಂಚೆ ಗಡಿಯಾರವನ್ನೂ ನೋಡಿ: ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರೆ ತಾರೀಖು ಹತ್ತಾರು ವರ್ಷ ಹಿಂದೆ ಹೋಗಿರುತ್ತದೆ, ಆ ಸ್ಥಿತಿಯಲ್ಲಿ ಫೈಲ್ ತೆರೆದು ಸೇವ್ ಮಾಡಿದರೆ ಅದಕ್ಕೂ ಅದೇ ತಾರೀಖು ಬೀಳುತ್ತದೆ. ಯಾವ ಬಿಲ್ ಯಾವ ವರ್ಷದ್ದು ಅನ್ನುವುದೇ ಗೊಂದಲವಾಗುತ್ತದೆ.

ಎಲ್ಲ ಬಂದಿದೆಯೇ ಅಂತ ತಿಳಿಯಲು ಟೋಟಲ್ ಕಮಾಂಡರ್‌ನಲ್ಲಿ ಎರಡೂ ಕಡೆಯ ಫೋಲ್ಡರ್ ಹೋಲಿಸುವ ಸಿಂಕ್ರೊನೈಸ್ ಸೌಲಭ್ಯ ಇದೆ. ಬಿಟ್ಟುಹೋದ ಫೈಲುಗಳ ಪಟ್ಟಿ ಅದೇ ಕೊಡುತ್ತದೆ. ಅದಾದ ಮೇಲೆ ಎರಡು ಬೇರೆ ಬೇರೆ ಕಡೆ ಪ್ರತಿ ಇಟ್ಟು, ಹತ್ತಿಪ್ಪತ್ತು ಫೈಲ್ ತೆರೆದು ನೋಡಿ.

ಯಂತ್ರವನ್ನು ಗುಜರಿಯವನಿಗೆ ಕೊಡುವಾಗ ಹಾರ್ಡ್‌ಡಿಸ್ಕ್ ಮಾತ್ರ ಹಾಗೇ ಕೊಡಬೇಡಿ. ಕ್ವಿಕ್ ಫಾರ್ಮ್ಯಾಟ್ ಮಾಡಿದ ಡಿಸ್ಕಿನಿಂದ ಗಿರಾಕಿಗಳ ಆಧಾರ್ ಪ್ರತಿ, ಪಾಸ್‌ಪೋರ್ಟ್ ಸೈಜ್ ಫೋಟೊ ಎಲ್ಲ ಪುನಃ ತೆಗೆಯಬಹುದು. ಡಿಬ್ಯಾನ್‌ನಂಥ ಸಾಧನದಿಂದ ಪೂರ್ತಿ ಒರೆಸಿ ಕೊಡಬೇಕು. ಅಷ್ಟು ವ್ಯವಧಾನ ಇಲ್ಲದಿದ್ದರೆ ಕೊಳಾರದ ಯಾವುದಾದರೂ ವರ್ಕ್‌ಶಾಪಿನಲ್ಲಿ ಡ್ರಿಲ್ ಮಷಿನ್‌ನಿಂದ ಒಳಗಿನ ತಟ್ಟೆಗಳಿಗೇ ನಾಲ್ಕು ತೂತು ಹೊಡೆಸಿದರೂ ನಡೆಯುತ್ತದೆ.