ಹಿಂದಿನ ಚಕ್ರದ ಸೊಗಸು, ನಾಲ್ಕೂ ಚಕ್ರದ ಬಲ

ಬೆಂಗಳೂರಿನ ಬಾಗಲಗುಂಟೆಯಿಂದ ಹೊರಬಂದು ತುಮಕೂರು ರಸ್ತೆಯ ಬದಿಯಲ್ಲಿ ನಿಂತರೆ ಎರಡು ಬಗೆಯ ವಾಹನಗಳು ಗಮನ ಸೆಳೆಯುತ್ತವೆ. ಹಗಲೆಲ್ಲ ಪೀಣ್ಯದ ಕಾರ್ಖಾನೆಗಳ ನಡುವೆ ಕಬ್ಬಿಣದ ಸರಕು ಹೊತ್ತು ಓಡಾಡುವ ಗೂಡ್ಸ್ ಆಟೋ, ಲಾರಿಗಳದು ಒಂದು ಗುಂಪು. ವಾರದ ಕೊನೆಯಲ್ಲಿ ನೆಲಮಂಗಲಕ್ಕೆ ಹೋಗಿ, ಅಲ್ಲಿಂದ ಹಾಸನದ ದಾರಿ ಹಿಡಿದು ಮಲೆನಾಡಿನ ಮಳೆ ನೋಡಲು ಹೊರಡುವ ಜೀಪಿನಂಥ ಕಾರುಗಳದು ಇನ್ನೊಂದು. ಈ ಕಾರುಗಳಲ್ಲಿ ಕೆಲವಕ್ಕೆ ‘ಫೋರ್ ಬೈ ಫೋರ್’ ಎಂಬ ಬಿಲ್ಲೆ ಇರುತ್ತದೆ. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಕೊಡಬಹುದು ಎಂದು ಅದರ ಅರ್ಥ. ಗೂಡ್ಸ್ ಆಟೋಗೆ ಆ ಅನುಕೂಲವಿಲ್ಲ. ಹಿಂದಿನ ಚಕ್ರಗಳೇ ಅದನ್ನು ತಳ್ಳಬೇಕು.

ಎರಡಕ್ಕಿಂತ ನಾಲ್ಕು ದೊಡ್ಡದು, ಆದ್ದರಿಂದ ನಾಲ್ಕೂ ಚಕ್ರ ದುಡಿಯುವ ವಾಹನ ಎಲ್ಲದರಲ್ಲೂ ಮೇಲು ಎಂದು ನಂಬಿದವರು ಬಹಳ ಮಂದಿ. ಈ ಲೆಕ್ಕ ಅರ್ಧ ಮಾತ್ರ ಸರಿ. ಉಳಿದರ್ಧ ಘಾಟಿಯ ಒದ್ದೆ ತಿರುವಿನಲ್ಲಿ ಗೊತ್ತಾಗುತ್ತದೆ.

ಎಳೆತ ಮತ್ತು ತಳ್ಳಾಟ

ಎತ್ತಿನ ಗಾಡಿಯಲ್ಲಿ ಎಳೆಯುವ ಕೆಲಸ ಎತ್ತಿನದು, ಚಕ್ರ ಸುಮ್ಮನೆ ಉರುಳುತ್ತದೆ. ಮೋಟಾರು ಗಾಡಿಯಲ್ಲಿ ಚಕ್ರವೇ ನೆಲವನ್ನು ಹಿಡಿದು ಗಾಡಿಯನ್ನು ಸಾಗಿಸಬೇಕು. ಎಂಜಿನ್ನಿನ ಬಲ ಯಾವ ಚಕ್ರಕ್ಕೆ ಹೋಗಬೇಕು ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲಿ.

ಒಂದು ಕಾಲಕ್ಕೆ ನಮ್ಮ ರಸ್ತೆಗಳನ್ನು ಆಳಿದ ಅಂಬಾಸಿಡರ್ ಮತ್ತು ಫಿಯೆಟ್ ಎರಡೂ ಹಿಂದಿನ ಚಕ್ರದ ಕಾರುಗಳು. ಎಂಜಿನ್ ಮುಂದೆ, ಅಲ್ಲಿಂದ ಉದ್ದನೆಯ ಶಾಫ್ಟ್ ಕಾರಿನ ಹೊಟ್ಟೆಯ ಕೆಳಗೆ ಹಾದು ಹಿಂದಿನ ಚಕ್ರಗಳನ್ನು ತಿರುಗಿಸುತ್ತಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಈ ಪದ್ಧತಿಯನ್ನು ಬದಲಿಸಿತು. ಎಂಜಿನ್, ಗೇರ್‌ಬಾಕ್ಸ್, ಬಲ ಪಡೆಯುವ ಚಕ್ರ ಎಲ್ಲವೂ ಮುಂಭಾಗದಲ್ಲೇ ಕೂಡಿಕೊಂಡವು. ಶಾಫ್ಟ್ ಇಲ್ಲದ್ದರಿಂದ ಒಳಗೆ ಜಾಗ ಉಳಿಯಿತು, ತೂಕ ಇಳಿಯಿತು. ಮುಂದೆ ಬಂದ ಸಣ್ಣ ಕಾರುಗಳು ಹೆಚ್ಚಾಗಿ ಇದೇ ದಾರಿ ಹಿಡಿದವು.

ಆದರೆ ಲಾರಿ, ಬಸ್ಸು, ಆಟೋರಿಕ್ಷಾಗಳು ಹಿಂದಿನ ಚಕ್ರವನ್ನು ಬಿಡಲಿಲ್ಲ. ಕಾರಣ ಸರಳ. ಸರಕಿನ ಭಾರ ಬೀಳುವುದು ಹಿಂದಿನ ಚಕ್ರಗಳ ಮೇಲೆ. ಭಾರ ಹೆಚ್ಚಿದಷ್ಟೂ ಟೈರಿನ ಹಿಡಿತ ಹೆಚ್ಚುತ್ತದೆ. ಏರು ಹತ್ತುವಾಗಲೂ ತೂಕ ಹಿಂದಕ್ಕೆ ಸರಿಯುವುದರಿಂದ ಈ ಏರ್ಪಾಡು ಅನುಕೂಲವೇ. ಇದೇ ಗುಣಕ್ಕೆ ಇನ್ನೊಂದು ಮುಖವೂ ಉಂಟು. ಸರಕು ಇಳಿಸಿ ಖಾಲಿ ಬರುವ ಗೂಡ್ಸ್ ಆಟೋದ ಹಿಂಭಾಗ ಹಗುರ. ಮಳೆ ಬಿದ್ದ ರಸ್ತೆಯಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಅದರ ಹಿಂಬದಿ ಪಕ್ಕಕ್ಕೆ ಜಾರುತ್ತದೆ.

ನಾಲ್ಕೂ ಚಕ್ರದ ವಾಹನ ನಮ್ಮಲ್ಲಿ ಹೆಸರು ಮಾಡಿದ್ದು ಜೀಪಿನಿಂದ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗಾಗಿ ತಯಾರಾದ ಈ ಗಾಡಿಯನ್ನು ಸ್ವಾತಂತ್ರ್ಯ ಬಂದ ಹೊತ್ತಿಗೆ ಮಹೀಂದ್ರ ಕಂಪನಿ ಇಲ್ಲಿ ಜೋಡಿಸತೊಡಗಿತು. ಕೆಸರು, ಕಲ್ಲು, ಕಡಿದಾದ ಏರುಗಳ ಕಾಫಿ ತೋಟಗಳಿಗೆ ಅದು ಹೇಳಿ ಮಾಡಿಸಿದಂತಿತ್ತು. ಮಡಿಕೇರಿ ಬಳಿಯ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವುದು ಇಂದಿಗೂ ಜೀಪುಗಳೇ.

ಟೈರಿನ ಸಂಬಳ

ವಾಹನದ ಭಾರವೆಲ್ಲ ನಿಂತಿರುವುದು ನಾಲ್ಕು ಟೈರುಗಳ ಮೇಲೆ. ಒಂದೊಂದು ಟೈರೂ ನೆಲವನ್ನು ಮುಟ್ಟುವ ಜಾಗ ಹೆಚ್ಚು ಕಡಿಮೆ ಅಂಗೈ ಅಗಲ. ಅಷ್ಟು ಜಾಗದಲ್ಲಿ ಸಿಗುವ ಹಿಡಿತಕ್ಕೆ ಮಿತಿಯಿದೆ. ಅದು ತಿಂಗಳ ಸಂಬಳವಿದ್ದಂತೆ. ವೇಗ ಹೆಚ್ಚಿಸುವುದು, ತಿರುಗುವುದು, ನಿಲ್ಲಿಸುವುದು ಈ ಮೂರು ಖರ್ಚೂ ಅದರಲ್ಲೇ ಆಗಬೇಕು. ಒಂದಕ್ಕೆ ಹೆಚ್ಚು ಸುರಿದರೆ ಇನ್ನೊಂದಕ್ಕೆ ಕೊರತೆ. ಕೊರತೆ ಬಿದ್ದಾಗ ಟೈರು ಜಾರುತ್ತದೆ.

ಮುಂದಿನ ಚಕ್ರದ ಕಾರಿನಲ್ಲಿ ಮುಂದಿನ ಟೈರುಗಳಿಗೇ ಎಳೆಯುವ ಕೆಲಸ, ತಿರುಗಿಸುವ ಕೆಲಸ ಎರಡೂ ಬೀಳುತ್ತವೆ. ಹಿಂದಿನ ಚಕ್ರದ ಕಾರಿನಲ್ಲಿ ಕೆಲಸ ಹಂಚಿಕೆಯಾಗಿದೆ: ಮುಂದಿನವು ತಿರುಗಿಸುತ್ತವೆ, ಹಿಂದಿನವು ತಳ್ಳುತ್ತವೆ. ಆದ್ದರಿಂದ ಸ್ಟಿಯರಿಂಗ್ ಕೈಗೆ ಹಗುರವಾಗಿ, ನಿಚ್ಚಳವಾಗಿ ಸಿಗುತ್ತದೆ. ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದರೆ ಕಾರಿನ ಹಿಂಭಾಗ ತುಸು ಹೊರಕ್ಕೆ ಸರಿದು ಮೂತಿ ಒಳಕ್ಕೆ ತಿರುಗುತ್ತದೆ. ಅಂದರೆ ಚಾಲಕ ಕೈಯಿಂದ ತಿರುಗಿಸಿದ ಕಾರನ್ನು ಕಾಲಿನಿಂದಲೂ ತಿದ್ದಬಲ್ಲ. ಚಾಲನೆಯ ರುಚಿ ಬಲ್ಲವರು ‘ರಿಯರ್ ವೀಲ್ ಡ್ರೈವ್’ ಕಾರನ್ನು ಮೆಚ್ಚುವುದು ಇದಕ್ಕೇ. ಆದರೆ ಆ ಕಾಲಿಗೆ ಅಂಕೆ ಬೇಕು. ಹದ ತಪ್ಪಿದರೆ ಹಿಂಭಾಗವೇ ಮುಂದೆ ಬಂದು ಕಾರು ಗಿರ್ರನೆ ತಿರುಗಿಬಿಡುತ್ತದೆ.

‘ಆಲ್ ವೀಲ್ ಡ್ರೈವ್’ ಕಾರಿನಲ್ಲಿ ತಳ್ಳುವ ಖರ್ಚು ನಾಲ್ಕು ಟೈರುಗಳಿಗೆ ಹಂಚಿಹೋಗುತ್ತದೆ. ಒಂದೊಂದರ ಪಾಲಿಗೂ ಖರ್ಚು ಕಡಿಮೆ. ತಿರುಗಲು ಹೆಚ್ಚು ಉಳಿಯುತ್ತದೆ. ಒದ್ದೆ ರಸ್ತೆಯಲ್ಲಿ ತಿರುವಿನಿಂದ ಹೊರಬರುವಾಗ ಕಾರು ಜಾರದೆ ಮುನ್ನುಗ್ಗುತ್ತದೆ. ಅನುಭವ ಕಡಿಮೆಯಿರುವವರ ಕೈಯಲ್ಲೂ ನೆಮ್ಮದಿಯಾಗಿ ಓಡುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಎಂದರೆ ಹೆಚ್ಚುವರಿ ಶಾಫ್ಟು, ಗೇರುಗಳ ತೂಕ, ಇಂಧನದ ಖರ್ಚು ಮತ್ತು ತುಸು ಮಂದವಾದ ತಿರುಗುವಿಕೆ. ಮಿತಿ ಮೀರಿದಾಗ ಇಂಥ ಅನೇಕ ಕಾರುಗಳ ಮೂತಿ ತಿರುವಿನ ಹೊರಕ್ಕೇ ಸಾಗುತ್ತದೆ.

ಪಂದ್ಯಗಳ ತೀರ್ಪು

ಕಾರು ಪಂದ್ಯಗಳ ಇತಿಹಾಸ ಈ ವಾದಕ್ಕೆ ಎರಡು ಉತ್ತರ ಕೊಟ್ಟಿದೆ. ಮಣ್ಣು, ಹಿಮದ ಹಾದಿಯ ರ್‍ಯಾಲಿಗಳಲ್ಲಿ 1981ರಿಂದ ಆಡಿ ಕ್ವಾಟ್ರೊ ನಾಲ್ಕೂ ಚಕ್ರದ ಬಲ ತೋರಿತು. 1983ರಲ್ಲಿ ಹಿಂದಿನ ಚಕ್ರದ ಲಾನ್ಸಿಯಾ 037 ವಿಶ್ವ ರ್‍ಯಾಲಿಯ ತಯಾರಕರ ಪ್ರಶಸ್ತಿ ಗೆದ್ದದ್ದೇ ಆ ಬಗೆಯ ಕಾರಿಗೆ ದಕ್ಕಿದ ಕೊನೆಯ ಪ್ರಶಸ್ತಿ. ಭಾರತದ ಗೌರವ್ ಗಿಲ್ 2013, 2016 ಮತ್ತು 2017ರಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್ ಆದದ್ದು ನಾಲ್ಕೂ ಚಕ್ರದ ಸ್ಕೋಡಾ ಫಾಬಿಯಾದಲ್ಲಿ. ಆ ಸ್ಪರ್ಧಾಸರಣಿಯ ಭಾರತದ ಸುತ್ತು ನಡೆಯುತ್ತಿದ್ದುದು ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಗಳಲ್ಲಿ.

ನುಣುಪು ಡಾಂಬರಿನ ಫಾರ್ಮುಲಾ ಒನ್ ಕಥೆ ಬೇರೆ. 1969ರಲ್ಲಿ ಲೋಟಸ್, ಮ್ಯಾಟ್ರಾ, ಮೆಕ್ಲಾರೆನ್ ತಂಡಗಳು ಅಲ್ಲಿ ನಾಲ್ಕೂ ಚಕ್ರದ ಕಾರು ಇಳಿಸಿ ಸೋತವು. ಅಗಲವಾದ ಟೈರು ಮತ್ತು ಗಾಳಿಯ ಒತ್ತಡ ಬಳಸುವ ರೆಕ್ಕೆಗಳಿಂದ ಬೇಕಾದಷ್ಟು ಹಿಡಿತ ಸಿಗುವಾಗ ಹೆಚ್ಚಿನ ತೂಕ ಹೊರೆಯಾಯಿತು. ಇಂದಿಗೂ ಅಲ್ಲಿ ಹಿಂದಿನ ಚಕ್ರದ್ದೇ ರಾಜ್ಯಭಾರ.

ಬ್ರೇಕಿಗೆ ಭೇದವಿಲ್ಲ

ಈಗ ನಮ್ಮ ಪೇಟೆಯಲ್ಲೂ ಒಂದೇ ಕಾರನ್ನು ಎರಡು ರೂಪದಲ್ಲಿ ಕೊಳ್ಳಬಹುದು. 2020ರ ಹೊಸ ಮಹೀಂದ್ರ ಥಾರ್‌ಗೆ 2023ರಲ್ಲಿ ಹಿಂದಿನ ಚಕ್ರದ ಅಗ್ಗದ ಮಾದರಿ ಸೇರಿತು. ಟಾಟಾ ಹ್ಯಾರಿಯರ್ ವಿದ್ಯುತ್ ಕಾರು 2025ರಲ್ಲಿ ಎರಡೂ ಬಗೆಯಲ್ಲಿ ಬಂತು. ಅದರಲ್ಲಿ ಉದ್ದನೆಯ ಶಾಫ್ಟ್ ಬೇಡ, ಮುಂದೊಂದು ಹಿಂದೊಂದು ಮೋಟಾರು ಇಟ್ಟರಾಯಿತು.

ಕೊಳ್ಳುವವರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಫೋರ್ ಬೈ ಫೋರ್ ಥಾರ್ ಕೂಡ ಸಾಮಾನ್ಯ ರಸ್ತೆಯಲ್ಲಿ ಓಡುವುದು ಹಿಂದಿನ ಚಕ್ರದಿಂದಲೇ. ಲಿವರ್ ಎಳೆದಾಗ ಮಾತ್ರ ಮುಂದಿನವು ಕೂಡಿಕೊಳ್ಳುತ್ತವೆ. ಆಗ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗಬೇಕು. ತಿರುವಿನಲ್ಲಾದರೋ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೂರದ ಹಾದಿ ಸವೆಸುತ್ತವೆ. ಕೆಸರಿನಲ್ಲಿ ಚಕ್ರ ತುಸು ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲಾರದೆ ಗೇರುಗಳು ಬಿಗಿದುಕೊಂಡು ಹಾಳಾಗುತ್ತವೆ. ಸದಾ ನಾಲ್ಕೂ ಚಕ್ರಕ್ಕೆ ಬಲ ಹಂಚುವ ಆಲ್ ವೀಲ್ ಕಾರುಗಳಲ್ಲಿ ಈ ತೊಂದರೆ ತಪ್ಪಿಸಲು ಬೇರೆ ಏರ್ಪಾಡಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಬ್ರೇಕು. ಅಗ್ಗದ ಕಾರಿಗೂ ಬ್ರೇಕು ನಾಲ್ಕೂ ಚಕ್ರಕ್ಕೆ ಇದೆ. ನಾಲ್ಕಕ್ಕೆ ಎಂಜಿನ್ ಬಲ ಸಿಕ್ಕಮಾತ್ರಕ್ಕೆ ಕಾರು ಬೇಗ ನಿಲ್ಲುವುದಿಲ್ಲ. ತೂಕದಿಂದ ಕಷ್ಟವೇ ಹೆಚ್ಚಬಹುದು. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದು ನಿಲ್ಲಿಸಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಮಳೆಯಲ್ಲಿ ಇಳಿಯುವಾಗ ಫೋರ್ ಬೈ ಫೋರ್ ಕೊಡುವ ಧೈರ್ಯ ಅಪಾಯಕಾರಿ. ಜಾರದೆ ಮುನ್ನುಗ್ಗುವ ಕಾರು ರಸ್ತೆ ಎಷ್ಟು ಜಾರುತ್ತಿದೆ ಎಂಬುದನ್ನು ಚಾಲಕನಿಂದ ಮುಚ್ಚಿಡುತ್ತದೆ. ಅದು ತಿಳಿಯುವುದು ಬ್ರೇಕು ಒತ್ತಿದಾಗ.

ತೋಟದ ಕೆಸರು ದಿನನಿತ್ಯದ ಹಾದಿಯಾದವರಿಗೆ ನಾಲ್ಕೂ ಚಕ್ರದ ಬಲ ಬೇಕೇ ಬೇಕು. ಒಳ್ಳೆಯ ರಸ್ತೆಯಲ್ಲಿ ಚಾಲನೆಯ ಸುಖ ಬಯಸುವವರಿಗೆ ಹಿಂದಿನ ಚಕ್ರ ಸಾಕು. ಇಬ್ಬರಿಗೂ ಹೆಚ್ಚು ಉಪಕಾರ ಮಾಡುವುದು ಸವೆಯದ ನಾಲ್ಕು ಟೈರುಗಳು.