ಹಳೆಯ ಕಾರು, ಹಳ್ಳಿಯ ಹಾದಿ

ಮಳೆ ಬಂದರೆ ನೆನೆಸುವ, ಚಳಿಯಲ್ಲಿ ನಡುಗಿಸುವ, ನಾಲ್ಕು ಮೈಲು ಹೋಗುವುದರೊಳಗೆ ಬೆನ್ನೆಲುಬಿನ ಮಣಿಗಳನ್ನೆಲ್ಲ ಎಣಿಸಿ ತೋರಿಸುವ ಒಂದು ಗಾಡಿ. ಮನೆಯಲ್ಲಿ ಸುಖವಾದ ಹೊಸ ಕಾರು ಇರುವಾಗಲೂ ವಿವೇಕಿಗಳಾದ ಗೃಹಸ್ಥರು ಇಂತಹದೊಂದನ್ನು ಹಣ ಕೊಟ್ಟು ಕೊಂಡು, ಭಾನುವಾರವೆಲ್ಲ ಅದರ ಅಡಿಯಲ್ಲಿ ಅಂಗಾತ ಮಲಗಿ, ಮೈಗೆಲ್ಲ ಎಣ್ಣೆ ಬಳಿದುಕೊಳ್ಳುವರೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಆದರೆ ಇಂಗ್ಲೆಂಡಿನಲ್ಲಿ ಇಂತಹವರು ಸಾವಿರಾರು ಮಂದಿ ಇದ್ದಾರೆ. ಇಂದು ಪೇಟೆಯಲ್ಲಿ ದೊರೆಯುವ ಅತಿ ಸಾಧಾರಣವಾದ ಕಾರು ಕೂಡ ಅವರ ಈ ಗಾಡಿಯನ್ನು ಲೀಲೆಯಿಂದ ಹಿಂದೆ ಹಾಕಬಲ್ಲದು. ಅದು ಅವರಿಗೂ ಗೊತ್ತು. ಗೊತ್ತಿದ್ದೂ ಅವರು ಹಿಗ್ಗುತ್ತಾರೆ. ಇದು ಬರಿಯ ಹುಚ್ಚೋ, ಅಥವಾ ನಾವೂ ತಿಳಿದುಕೊಳ್ಳಬೇಕಾದ ಸುಖವೊಂದು ಅದರಲ್ಲಿ ಅಡಗಿದೆಯೋ ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಕಾರು ಹುಟ್ಟಿದ ಬಗೆ

ಆಂಗ್ಲರ ಹಳೆಯ ಪಂದ್ಯದ ಕಾರುಗಳಲ್ಲಿ ಹಲವು ಕುಲಗಳಿವೆ. ಸಾವಿರ ಪೌಂಡಿಗೂ ಮೀರಿದ ಬೆಲೆಯ ಬೆಂಟ್ಲಿ ಶ್ರೀಮಂತರ ಸೊತ್ತಾಗಿದ್ದಿತು. ಮಧ್ಯಮ ವರ್ಗದವನಿಗೂ ಈ ವಿನೋದವನ್ನು ಎಟುಕಿಸಿದ ಕೀರ್ತಿಯು ಬಹುಮಟ್ಟಿಗೆ ಎಂ.ಜಿ. ಕಾರಿಗೆ ಸಲ್ಲಬೇಕು. 2019ನೆಯ ಇಸವಿಯಿಂದ ನಮ್ಮ ನಗರಗಳ ಬೀದಿಗಳಲ್ಲಿಯೂ ಎಂಟು ಮೂಲೆಯ ಲಾಂಛನವನ್ನು ಧರಿಸಿ ಈ ಹೆಸರಿನ ಕಾರುಗಳು ಓಡಾಡುತ್ತಿರುವುದನ್ನು ವಾಚಕರು ನೋಡಿರಬಹುದು. ಈಗ ಆ ಹೆಸರು ಚೀನಾ ದೇಶದ ಕಂಪೆನಿಯೊಂದರ ವಶದಲ್ಲಿದೆ. ಹುಟ್ಟಿದುದು ಮಾತ್ರ ಆಕ್ಸ್‌ಫರ್ಡ್ ನಗರದ ‘ಮಾರಿಸ್ ಗ್ಯಾರೇಜಸ್’ ಎಂಬ ಮಳಿಗೆಯಲ್ಲಿ. ಆ ಎರಡು ಮಾತುಗಳ ಮೊದಲ ಅಕ್ಷರಗಳೇ ಎಂ.ಜಿ.

1922ರಲ್ಲಿ ಈ ಮಳಿಗೆಯ ವ್ಯವಸ್ಥಾಪಕನಾದ ಸೆಸಿಲ್ ಕಿಂಬರ್ ಎಂಬಾತನು ಮಾರಿಸ್ ಕಂಪೆನಿಯ ಸಾದಾ ಕಾರಿನ ಚೌಕಟ್ಟಿನ ಮೇಲೆ ಅಂದವಾದ, ಹಗುರವಾದ ಮೈಯನ್ನು ಕೂಡಿಸಿ ಮಾರಲಾರಂಭಿಸಿದನು. 1928ರಲ್ಲಿ ಆತನು ಹೊರತಂದ ‘ಮಿಡ್‌ಜೆಟ್’ ಎಂಬ ಪುಟ್ಟ ಕಾರಿಗೆ 175 ಪೌಂಡು ಬೆಲೆ. ಮಿಡ್‌ಜೆಟ್ ಎಂದರೆ ಕುಳ್ಳ ಎಂದರ್ಥ. ಅದರ ಎಂಜಿನ್ನು ಕೇವಲ 847 ಘನ ಸೆಂಟಿಮೀಟರಿನದು. ಮಾಸ್ತರರೂ ಗುಮಾಸ್ತರೂ ಇನ್ನು ತಾವೂ ಇಂತಹ ಕಾರಿನ ಕನಸು ಕಾಣಬಹುದೆಂದುಕೊಂಡರು. ಮರುವರ್ಷ ಕಾರ್ಖಾನೆಯು ಹತ್ತಿರದ ಆಬಿಂಗ್ಡನ್ ಎಂಬ ಊರಿಗೆ ಬಂದಿತು.

ಈ ಕಾರುಗಳು ಇಷ್ಟು ಚಿಕ್ಕವಾಗಿರುವುದಕ್ಕೆ ಒಂದು ವಿಚಿತ್ರವಾದ ಕಾರಣವುಂಟು. 1921ರಿಂದ ಆ ದೇಶದಲ್ಲಿ ಕಾರಿನ ಮೇಲಣ ತೆರಿಗೆಯನ್ನು ಅಶ್ವಶಕ್ತಿಗೆ ಇಷ್ಟೆಂದು ವಿಧಿಸುತ್ತಿದ್ದರು. ಆದರೆ ಆ ಅಶ್ವಶಕ್ತಿಯನ್ನು ಎಂಜಿನ್ನಿನ ನಿಜವಾದ ಬಲದಿಂದ ಅಳೆಯುತ್ತಿರಲಿಲ್ಲ. ಸಿಲಿಂಡರುಗಳೆಷ್ಟು, ಅವುಗಳ ಬಾಯಿ ಎಷ್ಟಗಲ ಎಂಬೆರಡನ್ನೇ ನೋಡಿ ಲೆಕ್ಕಹಾಕುತ್ತಿದ್ದರು. ಅಗಲಕ್ಕೆ ತೆರಿಗೆಯಿದ್ದಿತೇ ಹೊರತು ಆಳಕ್ಕೆ ಇರಲಿಲ್ಲ. ಜಾಣರಾದ ಶಿಲ್ಪಿಗಳು ಸಿಲಿಂಡರನ್ನು ಕಿರಿದಾಗಿಯೂ ಆಳವಾಗಿಯೂ ಕೊರೆದು, ಚಿಕ್ಕ ಎಂಜಿನ್ನಿನಿಂದಲೇ ಹೆಚ್ಚು ದುಡಿಮೆ ತೆಗೆದರು. ಮುಂದೆ ಬಂದ ಟಿ.ಸಿ. ಎಂಬ ಮಾದರಿಯು ತೆರಿಗೆಯ ಲೆಕ್ಕದಲ್ಲಿ 11 ಅಶ್ವಶಕ್ತಿಯದು. ವಾಸ್ತವವಾಗಿ ಅದು ಕೊಡುತ್ತಿದ್ದುದು 54.

ಮರದ ಮೈ

ಈ ಟಿ.ಸಿ. ಕಾರನ್ನೇ ನಾವು ಸ್ವಲ್ಪ ಹತ್ತಿರದಿಂದ ನೋಡೋಣ. ಇಂಗ್ಲೆಂಡಿನ ‘ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್’ ಎಂಬ ಸಂಸ್ಥೆಯ ಕಟ್ಟಳೆಯಂತೆ 1930ರ ಕೊನೆಯೊಳಗೆ ತಯಾರಾದುವು ಮಾತ್ರ ನಿಜವಾದ ‘ವಿಂಟೇಜ್’ ಕಾರುಗಳು. ಟಿ.ಸಿ. ಹೊರಬಂದುದು ಎರಡನೆಯ ಮಹಾಯುದ್ಧವು ಮುಗಿದ 1945ರಲ್ಲಿ. ಆದರೂ ಅದರ ಉಡುಪೆಲ್ಲ ಯುದ್ಧಪೂರ್ವದ್ದಾದುದರಿಂದ ಜನರ ಬಾಯಲ್ಲಿ ಅದಕ್ಕೂ ಆ ಹೆಸರು ಸಲ್ಲುತ್ತದೆ. ಕಿಂಬರನು ಮಾತ್ರ ಅದನ್ನು ಕಣ್ಣಾರೆ ನೋಡಲಿಲ್ಲ. 1941ರಲ್ಲಿ ತಾನು ಕಟ್ಟಿದ ಕಾರ್ಖಾನೆಯಿಂದಲೇ ಹೊರಬೀಳಬೇಕಾಗಿ ಬಂದ ಆತನು, 1945ರ ಫೆಬ್ರವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಬಳಿ ನಡೆದ ರೈಲು ಅಪಘಾತದಲ್ಲಿ ತೀರಿಕೊಂಡನು.

ಉದ್ದವಾದ ಮೂತಿ, ಅದರ ಎರಡು ಪಕ್ಕಗಳಲ್ಲಿ ದುಂಡನೆಯ ದೀಪಗಳು, ಸೈಕಲಿನ ಚಕ್ರದಂತೆ ಕಡ್ಡಿಗಳುಳ್ಳ 19 ಅಂಗುಲದ ಗಾಲಿಗಳು, ಮೊಣಕೈ ಹೊರಚಾಚಲು ಅನುಕೂಲವಾಗುವಂತೆ ತಗ್ಗಾಗಿ ಕತ್ತರಿಸಿದ ಬಾಗಿಲುಗಳು, ಬೆನ್ನಿಗೆ ಪೆಟ್ರೋಲಿನ ಪೆಟ್ಟಿಗೆ, ಅದರ ಮೇಲೆ ಕಟ್ಟಿದ ಹೆಚ್ಚಿನದೊಂದು ಗಾಲಿ: ಇದು ಅದರ ರೂಪ. ತಗಡಿನ ಹೊದಿಕೆಯ ಒಳಗಿರುವುದು ಮರದ ಹಂದರ. ಆಶ್ ಎಂಬ ಆ ಮರವು ಬಾಗುತ್ತದೆಯೇ ಹೊರತು ಸುಲಭವಾಗಿ ಮುರಿಯುವುದಿಲ್ಲ. ನಮ್ಮ ಬಡಗಿಗಳು ಗಾಡಿಯ ಗಾಲಿಗೆ ಜಾಲಿಯನ್ನು ಆರಿಸಿಕೊಳ್ಳುವಂತೆ, ಆ ದೇಶದ ಬಡಗಿಗಳು ಬಂಡಿಯ ಗಾಲಿಗೂ ಕೊಡಲಿಯ ಕಾವಿಗೂ ಆಶ್ ಮರವನ್ನೇ ಹುಡುಕುತ್ತಿದ್ದರು. ಬಂಡಿಯ ವಿದ್ಯೆಯು ಮೋಟಾರಿಗೆ ದಾಟಿಕೊಂಡಿತೆಂದು ಹೇಳಿದರೂ ತಪ್ಪಾಗಲಾರದು.

ಮತ್ತೊಂದು ಸ್ವಾರಸ್ಯವನ್ನು ಹೇಳಬೇಕು. ಟಿ.ಸಿ.ಯಲ್ಲಿ ಎಂಜಿನ್ನಿನ ಸುತ್ತುಗಳನ್ನು ತೋರಿಸುವ ಗಡಿಯಾರವು ಚಾಲಕನ ಎದುರಿಗಿದೆ. ಗಂಟೆಗೆ ಎಷ್ಟು ಮೈಲು ಎಂಬುದನ್ನು ತೋರಿಸುವುದು ಪಕ್ಕದಲ್ಲಿ ಕುಳಿತವರ ಎದುರಿಗಿದೆ. ಯಜಮಾನರು ಮಿತಿಮೀರಿದರೆ ಅದು ಮೊದಲು ತಿಳಿಯುವುದು ಮನೆಯಾಕೆಗೆ. ಸಂಸಾರದ ಶಾಂತಿಗೆ ಈ ಏರ್ಪಾಡು ಅನುಕೂಲವೋ ಪ್ರತಿಕೂಲವೋ ಎಂಬುದನ್ನು ವಾಚಕರೇ ನಿರ್ಣಯಿಸಲಿ.

ಹಾದಿಯ ಸುಖ

ಈಗ ಈ ಕಾರು ಹುಟ್ಟಿದ ಆಬಿಂಗ್ಡನ್ನಿನಿಂದ ಮೇ ತಿಂಗಳಿನ ಒಂದು ಮುಂಜಾನೆ ಮನಸ್ಸಿನಲ್ಲಿಯೇ ಪ್ರಯಾಣ ಹೊರಡೋಣ. ಬೀಗದ ಕೈ ತಿರುಗಿಸಿದೊಡನೆ ಪೆಟ್ರೋಲಿನ ಪಂಪು ಟಕಟಕನೆ ಸದ್ದುಮಾಡುತ್ತದೆ. ಸದ್ದು ನಿಧಾನಿಸಿತೆಂದರೆ ಎಣ್ಣೆ ತುಂಬಿತೆಂದು ಅರ್ಥ. ಆಗ ಗುಬುಟನ್ನೆಳೆದರೆ ಎಂಜಿನ್ನು ಒಮ್ಮೆ ಕೆಮ್ಮಿ, ಎಚ್ಚೆತ್ತು, ಹದಕ್ಕೆ ಬರುತ್ತದೆ. ಅದು ಬಿಸಿಯೇರುವವರೆಗೆ ಅವಸರಪಡಿಸಬಾರದು. ಮಲಗಿದ್ದ ಎತ್ತನ್ನು ಎಬ್ಬಿಸಿದ ಕ್ಷಣವೇ ಓಡಿಸುವವನನ್ನು ಒಳ್ಳೆಯ ಆರಂಭಗಾರನೆನ್ನುವುದುಂಟೇ?

ಮಾರ್ಚಮ್, ಫ್ರಿಲ್ಫರ್ಡ್ ಹಳ್ಳಿಗಳನ್ನು ದಾಟಿ ಸುಮಾರು ಹತ್ತು ಮೈಲು ಹೋದರೆ ವಾಂಟೇಜ್ ಎಂಬ ಸಂತೆಯ ಊರು. ಪ್ರಾಚೀನ ಕಾಲದ ಆಲ್ಫ್ರೆಡ್ ದೊರೆಯು ಹುಟ್ಟಿದ ಸ್ಥಳವೆಂದು ಪ್ರಸಿದ್ಧವಾದ ಈ ಊರಿನ ಚೌಕದಲ್ಲಿ ಅವನ ಶಿಲಾಪ್ರತಿಮೆಯಿದೆ. ಅಲ್ಲಿಂದ ಪಶ್ಚಿಮಕ್ಕೆ, ಸೀಮೆಸುಣ್ಣದ ಗುಡ್ಡಸಾಲಿನ ಬುಡವನ್ನು ಹಿಡಿದು ಒಂದು ಕಿರಿಯ ರಸ್ತೆ ಹೊರಡುತ್ತದೆ. ನಿಜವಾದ ಸುಖವು ಮೊದಲಾಗುವುದು ಇಲ್ಲಿಯೇ. ರಸ್ತೆಯು ಗುಡ್ಡದ ಮಡಿಕೆಗಳನ್ನು ಅನುಸರಿಸಿ ಏರುತ್ತ ಇಳಿಯುತ್ತ ಹೊರಳುತ್ತ ಹೋಗುತ್ತದೆ. ಎಡಕ್ಕೆ ಕುರಿ ಮೇಯುವ ಬೋಳುಗುಡ್ಡ, ಬಲಕ್ಕೆ ಬಯಲು. ಅಂಚಿನ ಬೇಲಿಗಳಲ್ಲಿ ಹಾಥಾರ್ನ್ ಎಂಬ ಮುಳ್ಳುಗಿಡವು ಬಿಳಿಯ ಹೂಗಳಿಂದ ಮುಚ್ಚಿಹೋಗಿರುತ್ತದೆ. ಮುಂಗಾಜನ್ನು ಮಡಿಸಿ ಮಲಗಿಸಿದರಂತೂ ಹೂವಿನ ಪರಿಮಳ, ಹಸಿಮಣ್ಣಿನ ವಾಸನೆ, ಹಟ್ಟಿಯ ಗೊಬ್ಬರದ ಘಾಟು, ಮರದ ನೆರಳು ಬಂದಾಗಲೆಲ್ಲ ಮುಖಕ್ಕೆ ತಾಗುವ ತಂಪು, ಇವೆಲ್ಲ ಒಂದರ ಹಿಂದೊಂದು ಬಂದು ಮುಟ್ಟುತ್ತವೆ. ಗಾಜುಗಳನ್ನು ಮುಚ್ಚಿದ ಹೊಸ ಕಾರಿನಲ್ಲಿ ಕುಳಿತವನು ಹಳ್ಳಿಯನ್ನು ನೋಡುತ್ತಾನೆ. ಇದರಲ್ಲಿ ಕುಳಿತವನು ಹಳ್ಳಿಯ ಒಳಗಿರುತ್ತಾನೆ.

ಕೈಕಾಲುಗಳಿಗೂ ಬಿಡುವಿಲ್ಲ. ಸ್ಟಿಯರಿಂಗು ಚಕ್ರವನ್ನು ಕೊಂಚ ತಿರುಗಿಸಿದರೆ ಸಾಕು, ಕಾರು ತಿರುಗುತ್ತದೆ. ರಸ್ತೆಯ ಒಂದೊಂದು ಕಲ್ಲೂ ಅಂಗೈಗೆ ಸುದ್ದಿ ಕಳುಹಿಸುತ್ತದೆ. ಗೇರು ಬದಲಾಯಿಸುವುದಂತೂ ಒಂದು ವಿದ್ಯೆಯೇ ಸರಿ. 1930ಕ್ಕೆ ಹಿಂದಿನ ಕಾರುಗಳಲ್ಲಿ ಏರು ಬಂದಾಗ ಕೆಳಗಿನ ಗೇರಿಗೆ ಇಳಿಯಬೇಕಾದರೆ ಮೊದಲು ಕ್ಲಚ್ಚನ್ನು ಮೆಟ್ಟಿ ಗೇರನ್ನು ಬಿಡಿಸಬೇಕು. ಕ್ಲಚ್ಚು ಬಿಟ್ಟು, ಎಂಜಿನ್ನನ್ನು ಒಮ್ಮೆ ಗುರ್ರೆನಿಸಿ ಅದರ ಸುತ್ತುಗಳನ್ನು ಹೆಚ್ಚಿಸಬೇಕು. ಪುನಃ ಕ್ಲಚ್ಚು ಮೆಟ್ಟಿ ಗೇರನ್ನು ಸೇರಿಸಬೇಕು. ಬೇರೆ ಬೇರೆ ವೇಗದಲ್ಲಿ ಸುತ್ತುತ್ತಿರುವ ಎರಡು ಹಲ್ಲುಗಾಲಿಗಳು ಒಂದೇ ವೇಗಕ್ಕೆ ಬಂದರೆ ಮಾತ್ರ ಹಲ್ಲಿಗೆ ಹಲ್ಲು ಕೂಡುವುದೆಂಬುದೇ ಇದರ ಮರ್ಮ. ಕಾಲ ಸರಿಯಾದರೆ ಬೆಣ್ಣೆಯಲ್ಲಿ ಕೂದಲೆಳೆದಂತೆ ನಿಶ್ಶಬ್ದವಾಗಿ ಸೇರುತ್ತದೆ. ತಪ್ಪಿದರೆ ಕಲ್ಲಿಗೆ ಕಬ್ಬಿಣ ಉಜ್ಜಿದಂತೆ ಕರಕರನೆ ಕಿರುಚಿ ಇಡೀ ಊರಿಗೆ ಸಾರುತ್ತದೆ. ಟಿ.ಸಿ.ಯ ಮೇಲಿನ ಮೂರು ಗೇರುಗಳಲ್ಲಿ ಈ ಕೆಲಸವನ್ನು ಯಂತ್ರವೇ ಮಾಡಿಕೊಳ್ಳುತ್ತದೆ. ಆದರೂ ನುರಿತವರು ಹಳೆಯ ಪದ್ಧತಿಯನ್ನು ಬಿಡುವುದಿಲ್ಲ. ಅದರ ತೃಪ್ತಿಯೇ ಬೇರೆ.

ಇಷ್ಟೆಲ್ಲ ಆದರೂ ವೇಗವೆಷ್ಟು? ಟಿ.ಸಿ.ಯ ಪರಮಾವಧಿ ಗಂಟೆಗೆ ಸುಮಾರು 75 ಮೈಲು. ಇಂತಹ ಕಿರುರಸ್ತೆಯಲ್ಲಿ 40 ಮೈಲಿಗೆ ಮುಟ್ಟಿದರೆ ಹಾರುತ್ತಿರುವೆವೋ ಎಂಬ ಭ್ರಾಂತಿ. ನೆಲಕ್ಕೆ ಅಂಟಿದಂತಹ ಪೀಠ, ಕಿವಿಯ ಬಳಿ ಗಾಳಿ, ಮೊಣಕೈಗೆ ತಾಗುವಷ್ಟು ಸಮೀಪದಲ್ಲಿ ಹಿಂದೋಡುವ ಬೇಲಿ, ಇವೇ ಆ ಭ್ರಾಂತಿಗೆ ಕಾರಣ. ಹೊಸ ಕಾರು ವೇಗವನ್ನು ಕೊಟ್ಟು ವೇಗದ ಅರಿವನ್ನು ಕಸಿದುಕೊಳ್ಳುತ್ತದೆ. ಇದು ಅಲ್ಪ ವೇಗದಲ್ಲಿಯೇ ಅರಿವನ್ನು ಪೂರ್ತಿಯಾಗಿ ಕೊಡುತ್ತದೆ. ಕಾನೂನಿನ ಮಿತಿಯನ್ನು ಮೀರದೆ, ಯಾರ ಪ್ರಾಣಕ್ಕೂ ಎರವಾಗದೆ ಇಷ್ಟು ಸಂತೋಷವನ್ನು ಪಡೆಯಬಹುದೆಂಬುದು ಸಣ್ಣ ಲಾಭವಲ್ಲ. ಕಿಂಬರನ ಕಾರ್ಖಾನೆಯು ‘ಸೇಫ್ಟಿ ಫಾಸ್ಟ್’ ಎಂಬ ಧ್ಯೇಯವಾಕ್ಯವನ್ನು ಮೆರೆಸುತ್ತಿದ್ದಿತು; ಕ್ಷೇಮದೊಡನೆ ವೇಗ ಎಂಬುದು ಅದರ ತಾತ್ಪರ್ಯ.

ಹಾಗೆಂದು ಅಪಾಯವೇ ಇಲ್ಲವೆನ್ನಲಾಗದು. ಈ ಕಾರುಗಳಿಗೆ ಹುಟ್ಟಿನಿಂದ ಸೊಂಟಪಟ್ಟಿಯಿಲ್ಲ. ಬ್ರೇಕುಗಳು ಇಂದಿನವುಗಳಂತೆ ಕಚ್ಚಿ ಹಿಡಿಯಲಾರವು. ಪಟ್ಟಿಯಿಲ್ಲದ ಕಾರಿನಲ್ಲಿ ಮೂರು ವರ್ಷದೊಳಗಿನ ಮಕ್ಕಳನ್ನು ಕೂರಿಸುವುದನ್ನು ಆ ದೇಶದ ಕಾನೂನು ನಿಷೇಧಿಸಿದೆ, ಅದು ಯುಕ್ತವೇ. ತಿರುವಿನಾಚೆ ಕುದುರೆ ಸವಾರನೋ ಕುರಿಯ ಮಂದೆಯೋ ಇರಬಹುದೆಂಬ ಎಣಿಕೆಯಿಂದಲೇ ಓಡಿಸಬೇಕು. ಯಂತ್ರವು ಚಾಲಕನ ತಪ್ಪನ್ನು ಮುಚ್ಚಿಕೊಳ್ಳದಿರುವಾಗ ಚಾಲಕನೇ ಎಚ್ಚರವಾಗಿರಬೇಕಾಗುತ್ತದೆ. ವಿಚಾರಮಾಡಿದರೆ ಸುಖದ ಮೂಲವೂ ಇದೇ. ಇಲ್ಲಿ ಮನಸ್ಸು ಬೇರೆಲ್ಲಿಗೂ ಹೋಗುವಂತಿಲ್ಲ; ಸಾಲದ ಚಿಂತೆ, ಕಚೇರಿಯ ಕಿರಿಕಿರಿ, ಎಲ್ಲವೂ ಮುಂದಿನ ತಿರುವಿನ ಎದುರು ಕರಗಿಹೋಗುತ್ತವೆ.

ಉಳಿಸುವವರ ಪಾಲು

ಆಬಿಂಗ್ಡನ್ನಿನ ಕಾರ್ಖಾನೆಯನ್ನು 1980ರ ಅಕ್ಟೋಬರಿನಲ್ಲಿ ಮುಚ್ಚಿದರು. ಸುಮಾರು 10,000 ಟಿ.ಸಿ. ಕಾರುಗಳನ್ನು ಕಟ್ಟಿದ ಕೈಗಳು ಈಗ ಇಲ್ಲ. ಉಳಿದಿರುವ ಕಾರುಗಳು ಬದುಕಿರುವುದು ಅವುಗಳ ಒಡೆಯರ ಕೈಗಳಿಂದ. 1930ರಲ್ಲಿ ಸ್ಥಾಪಿತವಾದ ಎಂ.ಜಿ. ಕಾರ್ ಕ್ಲಬ್ ಆಬಿಂಗ್ಡನ್ನಿನಲ್ಲಿ ಇಂದಿಗೂ ನಡೆಯುತ್ತಿದೆ. ಅದರ ಮನೆಗೆ ಕಿಂಬರನ ಹೆಸರನ್ನಿಟ್ಟಿದ್ದಾರೆ. ಹೊಸ ಕಾಲವು ಹೊಸ ತೊಡಕುಗಳನ್ನೂ ತಂದಿದೆ. 2021ರಿಂದ ಆ ದೇಶದ ಸಾಧಾರಣ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ಹಳೆಯ ರಬ್ಬರಿನ ಕೊಳವೆಗಳನ್ನು ತಿನ್ನುತ್ತದೆ. ಎಥನಾಲ್ ಕಡಮೆಯಿರುವ ದುಬಾರಿ ಪೆಟ್ರೋಲನ್ನು ಹುಡುಕಬೇಕು, ಇಲ್ಲವೆ ಕೊಳವೆಗಳನ್ನು ಬದಲಾಯಿಸಬೇಕು. ಮರದ ಹಂದರವು ಕೊಳೆತರೆ ಬಡಗಿ ಬೇಕು. ಎಂಜಿನ್ನಿನ ಸದ್ದನ್ನು ಕೇಳಿಯೇ ರೋಗವನ್ನು ಹೇಳಬಲ್ಲ ಹಿರಿಯರು ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಅವರು ಬಾಳಿರುವಾಗಲೇ ಕಿರಿಯರು ಪಕ್ಕದಲ್ಲಿ ಕುಳಿತು ಕಲಿಯದಿದ್ದರೆ ಕಾರುಗಳು ವಸ್ತುಸಂಗ್ರಹಾಲಯದ ಹಗ್ಗದಾಚೆ ನಿಂತುಬಿಡುತ್ತವೆ. ನಿಂತ ಕಾರಿನ ಎಣ್ಣೆ ಮಂದವಾಗುತ್ತದೆ, ರಬ್ಬರು ಬಿರಿಯುತ್ತದೆ. ಓಡಿಸುವುದೇ ಅದಕ್ಕೆ ಔಷಧ.

ವಾಂಟೇಜಿನಿಂದ ಹೊರಟ ಆ ಕಿರುರಸ್ತೆಯಲ್ಲಿ ಆರೇಳು ಮೈಲು ಹೋದರೆ, ಅಫಿಂಗ್ಟನ್ ಎಂಬ ಹಳ್ಳಿಯ ಮೇಲಣ ಗುಡ್ಡದ ಓರೆಯಲ್ಲಿ ಸುಮಾರು 110 ಮೀಟರು ಉದ್ದದ ಬಿಳಿಯ ಕುದುರೆಯೊಂದರ ಚಿತ್ರವಿದೆ. ಹಸುರನ್ನು ಅಗೆದು, ಆ ಹಳ್ಳಕ್ಕೆ ಸೀಮೆಸುಣ್ಣದ ಪುಡಿಯನ್ನು ಬಡಿದು ತುಂಬಿ ಇದನ್ನು ಬರೆದಿದ್ದಾರೆ. ಬರೆದು ಸುಮಾರು ಮೂರು ಸಾವಿರ ವರ್ಷಗಳಾದುವು. ಕಳೆ ಕಿತ್ತು ಸುಣ್ಣ ತುಂಬದೆ ಬಿಟ್ಟರೆ ಹುಲ್ಲು ಬೆಳೆದು ಕುದುರೆ ಕಣ್ಮರೆಯಾಗುತ್ತದೆ. ಹಾಗಾಗದಂತೆ ತಲೆಮಾರಿನ ಮೇಲೆ ತಲೆಮಾರು ಜನರು ಗುಡ್ಡ ಹತ್ತಿ ಅದನ್ನು ಬೆಳಗುತ್ತ ಬಂದಿದ್ದಾರೆ. ಇಂದಿಗೂ ವರ್ಷವರ್ಷವೂ ಸ್ವಯಂಸೇವಕರು ಸುತ್ತಿಗೆ ಹಿಡಿದು ಮಂಡಿಯೂರಿ ಸುಣ್ಣವನ್ನು ಕುಟ್ಟುತ್ತಾರೆ. ಆ ಕುದುರೆಯು ಉಳಿದಿರುವುದು ಗಟ್ಟಿಯಾಗಿದ್ದುದರಿಂದಲ್ಲ, ಪ್ರತಿಯೊಂದು ತಲೆಮಾರೂ ಅದಕ್ಕಾಗಿ ಮೈಮುರಿದು ದುಡಿದುದರಿಂದ.

ಅದರ ಬುಡದಲ್ಲಿ ಗುಡುಗುಡನೆ ಹಾದುಹೋಗುವ ಪುಟ್ಟ ಕಾರಿನ ಕಥೆಯೂ ಇದೇ. ಕೈ ಕೆಸರಾದರೆ ಬಾಯಿ ಮೊಸರು ಎಂಬ ನಮ್ಮ ಗಾದೆಯಲ್ಲಿ ಕೆಸರು ಬೇರೆ, ಮೊಸರು ಬೇರೆ. ಈ ಜನರಿಗೆ ಮಾತ್ರ ಕೈಗೆ ಹತ್ತಿದ ಎಣ್ಣೆಯೇ ಅರ್ಧ ಸುಖ. ನಮ್ಮ ಮನೆಗಳ ಅಟ್ಟದ ಮೇಲೆ ತಾತನ ಕಾಲದ ಗೋಡೆಗಡಿಯಾರವೋ ಹೊಲಿಗೆಯಂತ್ರವೋ ಧೂಳು ತಿನ್ನುತ್ತಿರಬಹುದು. ಅದನ್ನು ಕೆಳಗಿಳಿಸಿ, ಒರಸಿ, ಒಂದು ತೊಟ್ಟು ಎಣ್ಣೆ ಬಿಟ್ಟು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಡೆಸಿ ನೋಡಿದರೆ, ಆ ದೂರದ ಹಾದಿಯ ಸುಖವು ಎಂತಹದೆಂಬುದು ವಾಚಕರಿಗೆ ತಮ್ಮ ಮನೆಯಲ್ಲಿಯೇ ತಿಳಿದೀತು.